ನೂರಾ ಒಂದರಿಂದ ಸೊನ್ನೆಗೆ

ಗುರುಪೌರ್ಣಿಮೆಯ ದಿನಕ್ಕೆ ಸೋಲಾಪುರದ ಒಂದು ಚಾದರ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಒಬ್ಬರಿಗೇ ರಜೆ, ಕೇಳಿದವರು ಇಬ್ಬರು. ನೀಲಾಬಾಯಿಗೆ ತವರಿಗೆ ಹೋಗಬೇಕು. ಚಪಳಗಾಂವದ ತುಳಜಾಬಾಯಿಗೆ ಅಕ್ಕಲಕೋಟೆ ಸ್ವಾಮಿಯ ಅನ್ನಛತ್ರದಲ್ಲಿ ಬಡಿಸುವ ಸೇವೆ, ಹನ್ನೊಂದು ವರ್ಷ ತಪ್ಪಿಸಿಲ್ಲ. ಚೀಟಿ ಎತ್ತಿದರೆ ತನ್ನ ಕೈವಾಡವೆನ್ನುತ್ತಾರೆಂದು ಮುಕಾದಮ ಸಿದ್ಧರಾಮ ಊಟದ ಕೋಣೆಯ ಡಾರ್ಟ್ಸ್ ಹಲಗೆ ತೋರಿಸಿ ಇಬ್ಬರಿಗೂ ಮೂರು ಮೂರು ಬಾಣ ಕೊಟ್ಟ.

ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿದ ಕೈ ತುಳಜಾಬಾಯಿಯದು. ಮೂರೂ ಬಾಣ ಇಪ್ಪತ್ತರ ಮನೆಯಲ್ಲಿ ನೆಟ್ಟವು. ಸಿದ್ಧರಾಮ ಅವಳ ಹೆಸರಿನ ಮುಂದೆ ಮೊದಲೇ ಬರೆದಿದ್ದ ನೂರಾ ಒಂದನ್ನು ಅಳಿಸಿ ನಲವತ್ತೊಂದು ಬರೆದ.

"ಏ ತಮ್ಮಾ, ಅರವತ್ತ ಗಳಿಸೀನಿ. ಕಡಿಮಿ ಯಾಕ ಬರದಿ?"

"ಇದು ಕಳಕೋತ ಹೋಗೋ ಆಟ ಮಾವಶಿ. ಮೊದಲ ಸೊನ್ನಿಗೆ ಬಂದವ್ರು ಗೆದ್ದಂಗ. ಕಡೀ ಬಾಣ ಮಾತ್ರ ಹೊರಗಿನ ಸಣ್ಣ ಬಳಿಯೊಳಗ ಬೀಳಬೇಕ್ರಿ. ಅಲ್ಲಿ ಒಂದಕ್ಕ ಎರಡು."

"ನಟ್ಟನಡುವ ಹೊಡದ್ರ?"

"ಐವತ್ತು. ಇಪ್ಪತ್ತರ ಒಳಬಳಿಗೆ ಬಿದ್ರ ಅರವತ್ತು."

"ಅಯ್ಯ, ನಡುವ ಕುಂತಾವಗಿಂತ ಬಾಜೂದವಗ ಹೆಚ್ಚೇನ?"

"ಆಫೀಸನ್ಯಾಗೂ ಹಂಗ ಐತಲ್ಲಕ್ಕಾ!" ನೀಲಾಬಾಯಿ ಅಂದಳು. ಸಿದ್ಧರಾಮ ಕೇಳಿಸದವನಂತೆ ಸೀಮೆಸುಣ್ಣ ಒರೆಸಿಕೊಂಡ.

ಮುಂದಿನ ಸರದಿಗೆ ತುಳಜಾಬಾಯಿಯ ಲೆಕ್ಕ ಎರಡಕ್ಕಿಳಿಯಿತು, ನೀಲಾಬಾಯಿಯದು ನಾಲ್ಕಕ್ಕೆ. ಇನ್ನು ಒಂದರ ಹೊರಬಳೆಗೆ ಬಿದ್ದರೆ ರಜೆ ತುಳಜಾಬಾಯಿಗೆ. ಅವಳು ಬಳೆ ಬಿಟ್ಟು, ಬೇಕೆಂದೇ ಒಂದರ ದೊಡ್ಡ ಮನೆಗೆ ಹೊಡೆದಳು.

"ಬಾದ!" ಸಿದ್ಧರಾಮ ಕೂಗಿದ. "ಈ ಸರದಿ ಹೋತು. ಮತ್ತ ಎರಡ ಉಳೀತು."

"ತಪ್ಪೇನ ಮಾಡಿದೆ? ಕಣಜದ ತಳಾ ಕಾಣಬಾರದಂತ ಒಂದ ಹಿಡಿ ಬಿಟ್ಟೆ. ನಮ್ಮತ್ತಿ ಬರಗಾಲದಾಗೂ ಬಿಡತಿದ್ಲು."

"ಒಂದ ಉಳದ್ರ ಮುಗಸಾಕ ಬರೂದಿಲ್ರಿ. ಆ ಬಳಿಯೊಳಗ ಎಲ್ಲಾಕಿಂತ ಸಣ್ಣದ ಎರಡು."

ನೀಲಾಬಾಯಿಯ ಮೂರೂ ಬಾಣ ಗೋಡೆಗೆ ತಾಗಿದವು.

ತುಳಜಾಬಾಯಿ ಮತ್ತೆ ಗೆರೆಯ ಮೇಲೆ ನಿಂತಳು. ಒಂದು ಹಿಡಿಯೂ ಉಳಿಸದೆ ಬರಿದು ಮಾಡುವುದು ಮನೆತನಕ್ಕೆ ಒಳಿತಲ್ಲ. ಉಳಿಸಿದರೆ ಸ್ವಾಮಿಯ ಪಂಕ್ತಿಯಲ್ಲಿ ಬಡಿಸುವ ಭಾಗ್ಯವಿಲ್ಲ. ಯಾವುದು ಸರಿ ಎಂದು ಹೊಳೆಯಲಿಲ್ಲ. ಸ್ವಾಮಿಯ ಹೆಸರು ಹಿಡಿದು ಎಸೆದಳು. ಬಾಣ ಒಂದರ ಹೊರಬಳೆಯಲ್ಲಿ ನಡುಗುತ್ತ ನಿಂತಿತು.

ಸಿದ್ಧರಾಮ ದೊಡ್ಡದೊಂದು ಸೊನ್ನೆ ಬರೆದು ರಜೆ ಚೀಟಿ ಕೈಗಿಟ್ಟ.

"ಈಗ ನನ್ನ ಪಾಲಿಗೆ ಏನ ಉಳೀತು ತಮ್ಮಾ?"

"ಏನೂ ಇಲ್ರಿ ಮಾವಶಿ. ಅದಕ್ಕ ಗೆದ್ರಿ."

"ನಂದೂ ಒಂದ ನಮಸ್ಕಾರ ಹೇಳಕ್ಕಾ ಸ್ವಾಮಿಗೆ," ನೀಲಾಬಾಯಿ ಮುಖ ಸಣ್ಣದು ಮಾಡಿಕೊಂಡೇ ಅಂದಳು.

"ನಿಂದು ಹೇಳ್ತೀನಿ ತಂಗಿ. ನಂದ ಏನಂತ ಹೇಳ್ಲಿ? ಗೆದ್ದು ಬಂದೀನಿ ಅನ್ಲೋ, ಎಲ್ಲಾ ಕಳಕೊಂಡ ಬಂದೀನಿ ಅನ್ಲೋ?"