ಇಬ್ಬರ ಸಹಿ

ಬೀದಿಯವರೆಲ್ಲ ಹೊಲಿಗೆಯಕ್ಕ ಎಂದು ಕರೆಯುತ್ತಿದ್ದ ಆಕೆಯ ಹೊಸ ಅಡುಗೆಮನೆ ಸಿದ್ಧವಾಗಿ ನಾಲ್ಕು ದಿನವಾಗಿತ್ತು. ಕಪಾಟಿನಲ್ಲಿ ಪಾತ್ರೆ ಜೋಡಿಸುತ್ತಿದ್ದಾಗ ಬಡಗಿ ಬಾಗಿಲಿಗೆ ಬಂದ.

"ಅಕ್ಕಾ, ಈ ಕಪಾಟು ಮಾಡಿದ ಕೂಲಿ ನನಗೆ ಬಂದಿಲ್ಲ," ಎಂದು ವಕೀಲರ ನೋಟಿಸು ಚಾಚಿದ. ಹದಿನೈದು ದಿನದಲ್ಲಿ ಕೊಡದಿದ್ದರೆ ಮನೆಯ ಮೇಲೆ ದಾವೆ ಹೂಡುವುದಾಗಿ ಅದರಲ್ಲಿತ್ತು.

"ಕಂಟ್ರಾಕ್ಟರಿಗೆ ಮೂರು ಕಂತು ಕೊಟ್ಟಿದ್ದೀನಲ್ಲಪ್ಪಾ. ಕೊನೇದೊಂದೇ ಬಾಕಿ."

"ಅವನ ಕೈಗೆ ಕೊಟ್ಟಿದ್ದೀರಿ. ನನ್ನ ಕೈಗಲ್ಲ."

ಅವನ ಮಾತು ಸರಿ ಎನ್ನಿಸಿತು. ತನ್ನದೂ ಸರಿಯೇ. ಹಾಗಾದರೆ ತಪ್ಪು ಯಾರದು? ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಅಲ್ಲೇ ಕಂಟ್ರಾಕ್ಟರಿಗೆ ಫೋನ್ ಮಾಡಿದಳು.

"ಅವನಿಗೆ ಎಂದೋ ಕೊಟ್ಟಾಯ್ತು. ಅಳತೆ ತಪ್ಪಿಸಿ ಹಲಗೆ ಹಾಳು ಮಾಡಿದ. ಅದರ ದುಡ್ಡು ಮುರ್ಕೊಂಡೆ, ಅಷ್ಟೇ," ಎಂದ ಕಂಟ್ರಾಕ್ಟರ್.

"ಅಳತೆ ಕೊಟ್ಟಿದ್ದೇ ಅವನು," ಎಂದ ಫೋನಿನ ಮಾತು ಕೇಳಿಸಿಕೊಂಡ ಬಡಗಿ.

ಅವನು ಹೋದಮೇಲೆ ಅಕ್ಕ, ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಮೈದುನನನ್ನು ಕೇಳಿದಳು. "ನಿಜ ಹುಡುಕೋಕೆ ಹೋಗಬೇಡಿ ಅತ್ತಿಗೆ," ಎಂದ ಅವನು. "ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಈ ಮನೆಯಿಂದ ಇನ್ನೇನೂ ಬರಬೇಕಾಗಿಲ್ಲ ಅಂತ ಇಬ್ಬರೂ ಬರೆದು ಸಹಿ ಹಾಕೋವರೆಗೂ ಕೊನೇ ಕಂತು ಕೈಬಿಡಬೇಡಿ."

ಮರುದಿನ ಬೆಳಿಗ್ಗೆ ಇಬ್ಬರೂ ಬಂದರು. ಕಂಟ್ರಾಕ್ಟರ್ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಕೊನೆಯ ಕಂತು ಪೂರ್ತಿ ತನ್ನದೇ ಎಂದು ಪಟ್ಟು ಹಿಡಿದ. ಬಡಗಿ ಕೂರಲೇ ಇಲ್ಲ. ಅಡುಗೆಮನೆಗೆ ಹೋಗಿ ಕಪಾಟಿನ ಬಾಗಿಲು ತೆರೆದು ಮುಚ್ಚಿ ನೋಡಿದ. ಕೆಳಗಿನ ಮೂಲೆ ತಾಗುತ್ತಿತ್ತು. ಯಾರೂ ಹೇಳದಿದ್ದರೂ ಚೀಲದಿಂದ ಉಜ್ಜುಗೊರಡು ತೆಗೆದು ಅಂಚನ್ನು ಕೀಸಿದ. ಬಾಗಿಲು ಸದ್ದಿಲ್ಲದೆ ಕೂತಿತು.

ಅದನ್ನೇ ನೋಡುತ್ತಿದ್ದ ಕಂಟ್ರಾಕ್ಟರ್, "ಅರ್ಧ ಅವನಿಗೆ ಕೊಡಿ," ಎಂದ ಮೆಲ್ಲಗೆ.

"ಆಯ್ತು," ಎಂದ ಬಡಗಿ.

ಅಕ್ಕ ಕಕ್ಕಾಬಿಕ್ಕಿಯಾದಳು. ಕೂಲಿ ಕೊಟ್ಟಾಗಿದ್ದರೆ ಕಂಟ್ರಾಕ್ಟರ್ ಏಕೆ ಅರ್ಧ ಬಿಟ್ಟ? ಕೂಲಿ ಬಂದೇ ಇಲ್ಲದಿದ್ದರೆ ಬಡಗಿ ಏಕೆ ಅರ್ಧಕ್ಕೆ ಒಪ್ಪಿದ? ಕೇಳಬೇಕೆಂದು ಬಾಯಿ ತೆರೆದವಳು ಮೈದುನನ ಮಾತು ನೆನೆದು ಕಾಗದ, ಪೆನ್ನು ಮುಂದಿಟ್ಟಳು. ಇಬ್ಬರೂ ಬರೆದು ಸಹಿ ಹಾಕಿದರು. ಆಮೇಲೆ ಅವಳು ದುಡ್ಡನ್ನು ಎರಡು ಪಾಲು ಮಾಡಿ ಕೊಟ್ಟಳು. ಬಡಗಿ ನೋಟಿಸು ವಾಪಸು ಪಡೆದೆನೆಂದೂ ಬರೆದುಕೊಟ್ಟ.

ಮನೆಗೆ ಬಂದ ಕಂಟಕ ಕಳೆಯಿತು. ಕಾಗದ ಮಡಿಸುತ್ತ ಅಕ್ಕ ಕಿಟಕಿಯಿಂದ ಹೊರಗೆ ನೋಡಿದಳು. ಕಂಟ್ರಾಕ್ಟರ್ ಸ್ಕೂಟರ್ ಚಾಲೂ ಮಾಡಿದ. ಬಡಗಿ ಚೀಲ ತೊಡೆಯ ಮೇಲಿಟ್ಟುಕೊಂಡು ಅವನ ಹಿಂದೆ ಹತ್ತಿದ. ಏನೋ ಮಾತಾಡಿಕೊಳ್ಳುತ್ತ ಇಬ್ಬರೂ ಬೀದಿಯ ತಿರುವಿನಲ್ಲಿ ಮರೆಯಾದರು.