ಹೊಲಿಗೆಗೆ ಬಿಟ್ಟ ಒಂದೂವರೆ ಇಂಚು

ಸುದ್ದಿ ಬಂದಾಗ ಟೈಲರಮ್ಮ ಬಕೆಟ್ಟು, ಟವಲು, ಸೋಪಿನ ಡಬ್ಬಿ ಹಿಡಿದುಕೊಂಡು ಮಹಡಿ ಮನೆಯ ಬಾಗಿಲ ಮುಂದೆ ನಿಂತಿದ್ದರು. ಹತ್ತು ಗಂಟೆಗೆ ಇನ್ನೂ ಎರಡು ನಿಮಿಷ ಬಾಕಿ. ಆ ಮನೆಯ ನಿವೃತ್ತ ಸ್ಟೇಷನ್ ಮಾಸ್ತರರು ಹತ್ತಾಗದೆ ಬಾಗಿಲು ತೆಗೆಯುವವರಲ್ಲ. ಕೆಳಗಿರುವ ಟೈಲರಮ್ಮನ ಮನೆಯ ಬಚ್ಚಲು ಒಡೆಸಿದ ದಿನ ತಮ್ಮದನ್ನು ಬಳಸಿಕೊಳ್ಳಿ ಎಂದು ಅವರೇ ಹೇಳಿದ್ದರು. ಹೇಳಿದ ಸಂಜೆಯೇ ಒಂದು ವೇಳಾಪಟ್ಟಿಯನ್ನೂ ಬರೆದು ಬಾಗಿಲಿಗೆ ಅಂಟಿಸಿದ್ದರು. ಬೆಳಿಗ್ಗೆ ಆರೂ ಹತ್ತರಿಂದ ಆರೂವರೆ. ಹತ್ತರಿಂದ ಹತ್ತೂ ಕಾಲು. ಸಂಜೆ ಐದರಿಂದ ಐದೂ ಕಾಲು. ನಡುವೆ ಹೊಟ್ಟೆ ಕೆಟ್ಟರೆ ಬಸ್ ನಿಲ್ದಾಣವೇ ಗತಿ.

ಫೋನ್ ಮಾಡಿದವನು ತಮ್ಮ.

"ಚಿಕ್ಕಕ್ಕಾ, ದೊಡ್ಡಕ್ಕ ಹೋಗ್ಬಿಟ್ಲು ಕಣೆ."

"ಎಲ್ಲಿಗೆ?" ಎಂದರು ಟೈಲರಮ್ಮ.

ಆ ಕಡೆ ತಮ್ಮ ಅಳುತ್ತಿದ್ದ. ಒಂಬತ್ತು ಗಂಟೆಗೆ ಆರೈಕೆ ಮನೆಯಲ್ಲಿ ತಿಂಡಿ ತಿಂದು, ಅರ್ಧ ಲೋಟ ನೀರು ಕುಡಿದು, ದಿಂಬಿಗೆ ಒರಗಿದವಳು ಮತ್ತೆ ಏಳಲಿಲ್ಲವಂತೆ. ಹೃದಯ ನಿಂತಿದೆ ಎಂದರಂತೆ ಡಾಕ್ಟರು. "ಹನ್ನೆರಡಕ್ಕೆ ಗಾಡಿ ತರ್ತೀನಿ, ರೆಡಿಯಾಗಿರು" ಎಂದು ಫೋನ್ ಇಟ್ಟುಬಿಟ್ಟ.

ಬಾಗಿಲು ತೆರೆಯಿತು. "ಸರಿಯಾಗಿ ಹತ್ತು" ಎಂದರು ಮಾಸ್ತರರು. ಟೈಲರಮ್ಮ ಬಕೆಟ್ಟನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದರು. ಅಳು ಬರಲಿಲ್ಲ. ಬಂದದ್ದು ಕೋಪ, ಅಂಗಾಲಿನಿಂದ ಹೊರಟು ಮೆಟ್ಟಿಲು ಮುಗಿಯುವಷ್ಟರಲ್ಲಿ ನೆತ್ತಿಗೇರಿತ್ತು.

ಮೂವತ್ತೇಳು ದಿನ. ಹನ್ನೆರಡೇ ದಿನ ಎಂದು ಶುರು ಮಾಡಿದ ಬಚ್ಚಲ ಕೆಲಸ ಅದು. ಸ್ವಂತ ಮನೆಯಿದ್ದೂ ಅವರು ಮೂವತ್ತೇಳು ದಿನ ಪರದೇಶಿಯಂತೆ ಬಕೆಟ್ಟು ಹಿಡಿದು ಅಲೆದಿದ್ದರು. ತಲೆಗೂದಲನ್ನು ಅಡುಗೆಮನೆಯ ಸಿಂಕಿನಲ್ಲಿ ಬಗ್ಗಿ ತೊಳೆದುಕೊಂಡು ಕತ್ತು ಉಳುಕಿಸಿಕೊಂಡಿದ್ದರು. ಸಂಜೆ ನಾಲ್ಕರ ಮೇಲೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಹೊಲಿಗೆ ಯಂತ್ರದ ಮೇಲೆ, ಗಿರಾಕಿಗಳ ಬಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಒಳಗೂ ಸಿಮೆಂಟಿನ ಧೂಳು. ಬಸ್ ನಿಲ್ದಾಣದ ಶೌಚಾಲಯದ ಬಾಗಿಲಲ್ಲಿ ಕೂರುವ ಹೆಂಗಸು ಈಗೀಗ ನೆಂಟರನ್ನು ಕಂಡಂತೆ ನಗುತ್ತಿದ್ದಳು: "ಯಾಕಕ್ಕಾ, ನಿನ್ನೆ ಬರಲೇ ಇಲ್ಲ?"

ಇಷ್ಟನ್ನೂ ಹಲ್ಲು ಕಚ್ಚಿ ಸಹಿಸಿದ್ದು ಅಕ್ಕನಿಗಾಗಿ. ಮೂರು ತಿಂಗಳ ಹಿಂದೆ ಸೊಂಟದ ಮೂಳೆ ಮುರಿದುಕೊಂಡು ಆರೈಕೆ ಮನೆ ಸೇರಿದ ಅಕ್ಕ ಮೂವತ್ತು ವರ್ಷ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವಳು. ಒಂದು ಗುಂಡಿ ಸಡಿಲವಾಗಿದ್ದರೂ ಹೊಸ್ತಿಲು ದಾಟದವಳು. ಅಲ್ಲಿ ವಾರಕ್ಕೆರಡು ಸಲ ಇಬ್ಬರು ಆಯಾಗಳು ಅವಳನ್ನು ಕುರ್ಚಿಯಲ್ಲಿ ತಳ್ಳಿಕೊಂಡು ಹೋಗಿ, ಬಾಗಿಲು ಅರ್ಧ ತೆರೆದೇ ಇಟ್ಟು, ಆಚೆ ಹೋಗಿಬರುವವರೊಡನೆ ಮಾತಾಡುತ್ತ ಸ್ನಾನ ಮಾಡಿಸುತ್ತಿದ್ದರು.

"ಕುರಿ ತೊಳೆದ ಹಾಗೆ ತೊಳೀತಾರೆ ಕಣೆ" ಎಂದು ಅಕ್ಕ ಒಮ್ಮೆ ಹೇಳಿದ್ದಳು. "ನಂಗೆ ಬೇರೇನೂ ಬೇಡ. ಬಾಗಿಲು ಹಾಕ್ಕೊಂಡು ಒಂದು ಸ್ನಾನ ಮಾಡ್ಬೇಕು, ಅಷ್ಟೆ."

ಅದಕ್ಕೇ ಟೈಲರಮ್ಮ ತಮ್ಮ ಬಚ್ಚಲನ್ನು ಒಡೆಸಿದ್ದು. ಎತ್ತರದ ಹೊಸ್ತಿಲು ಕಿತ್ತು ಸಮ ಮಾಡುವುದು, ಗೋಡೆಗೆ ಹಿಡಿಕೆಗಳು, ಅಕ್ಕ ಕೂತು ನೀರು ಹೊಯ್ದುಕೊಳ್ಳಲು ಅವಳ ಮೊಣಕಾಲಿನ ಎತ್ತರಕ್ಕೊಂದು ಕಟ್ಟೆ. ಹನ್ನೊಂದನೆಯ ದಿನ ಕಟ್ಟೆ ಮುಗಿದಿತ್ತು. ಆರೈಕೆ ಮನೆಯಿಂದ ವ್ಯಾಯಾಮ ಹೇಳಿಕೊಡುವ ಹೆಂಗಸು ನೋಡಲು ಬಂದವಳು, ಅಳೆದು ಅಡ್ಡಡ್ಡ ತಲೆಯಾಡಿಸಿದಳು. "ಎತ್ತರ ಜಾಸ್ತಿಯಾಯ್ತು. ಅವರ ಪಾದ ನೆಲಕ್ಕೆ ಊರಲ್ಲ. ಜಾರಿದ್ರೆ ಇನ್ನೊಂದು ಸೊಂಟ ಹೋಗುತ್ತೆ." ಕಟ್ಟೆ ಒಡೆಯಬೇಕಾಯಿತು. ಒಡೆಯುವಾಗ ಗೋಡೆಯೊಳಗಿನ ಪೈಪು ಬಿರಿಯಿತು. ಪೈಪಿಗಾಗಿ ಗೋಡೆ ಬಗೆದರು. ಅದನ್ನು ಮುಚ್ಚುವ ಮೊದಲೇ ಗಾರೆ ಮೇಸ್ತ್ರಿ ಬೇರೆ ಕಡೆ ಕೆಲಸ ಒಪ್ಪಿಕೊಂಡು ಒಂದು ವಾರ ನಾಪತ್ತೆಯಾದ. ಆಮೇಲೆ ಟೈಲ್ಸು ಬರಲಿಲ್ಲ.

"ಟೇಪು ಹಿಡಿಯೋಕೆ ಬರದವನು ಕರಣೆ ಯಾಕಯ್ಯ ಹಿಡಿದೆ?" ಎಂದು ಟೈಲರಮ್ಮ ಅವನ ಮುಖಕ್ಕೆ ಹೊಡೆದಂತೆ ಕೇಳಿದ್ದರು. ಆ ಮಾತನ್ನು ಅಕ್ಕನಿಗೂ ತಮ್ಮನಿಗೂ ಮಹಡಿಯ ಮಾಸ್ತರರಿಗೂ ದಿನಕ್ಕೊಮ್ಮೆ ಹೇಳಿ ಹೇಳಿ ನುಣುಪಾಗಿಸಿದ್ದರು.

ಈಗ ಮೇಸ್ತ್ರಿ ಬಚ್ಚಲಲ್ಲಿ ಮಗುಚಿದ ಡಬ್ಬದ ಮೇಲೆ ಕೂತು ಟೈಲ್ಸಿನ ಸಂದಿಗೆ ಬಿಳಿ ಸಿಮೆಂಟು ತುಂಬುತ್ತಿದ್ದ.

"ಸಾಕು, ನಿಲ್ಸು" ಎಂದರು ಟೈಲರಮ್ಮ.

"ಇದೊಂದೇ ಸಾಲು ಅಮ್ಮ. ನಾಳೆ ನೀರು ಬಿಡ್ಬಹುದು."

"ನಿನ್ನ ನಾಳೆಗೆ ಬೆಂಕಿ ಬಿತ್ತು. ನಮ್ಮಕ್ಕ ಹೋದ್ಲು."

ಅವನ ಕೈ ನಿಂತಿತು. ಏನೋ ಹೇಳಲು ಬಾಯಿ ತೆರೆದ. ಟೈಲರಮ್ಮ ಬಿಡಲಿಲ್ಲ.

"ನೀನು ಕಟ್ಟಿದ ಕಟ್ಟೆ ಮೊದಲನೇ ಸಲವೇ ಸರಿಯಾಗಿದ್ದಿದ್ರೆ ಅವಳು ಇಷ್ಟು ಹೊತ್ತಿಗೆ ಇಲ್ಲಿಗೆ ಬಂದು ಇಪ್ಪತ್ತೈದು ದಿನ ಆಗಿರೋದು. ಸಾಯೋದಾದ್ರೆ ನನ್ನ ಕಣ್ಣೆದುರು ಸಾಯ್ತಿದ್ಲು, ಮಾನವಾಗಿ. ನೀನೇ ಕಣಯ್ಯ ಕಾರಣ. ಕಂಡೋರ ಕೈಲಿ ತೊಳೆಸ್ಕೊಂಡು ಸತ್ಲಲ್ಲ, ಅದಕ್ಕೆ ನೀನೇ ಕಾರಣ."

ಮೇಸ್ತ್ರಿ ಎದ್ದು ನಿಂತ. ಅವನೂ ಮೂಗಿನ ತುದಿಯಲ್ಲೇ ಕೋಪವಿಟ್ಟುಕೊಂಡ ಮನುಷ್ಯ. ಇಷ್ಟು ದಿನ ಹೇಗೆ ತಡೆದುಕೊಂಡಿದ್ದನೋ.

"ನಾನು ಒಂದು ವಾರ ಬೇರೆ ಕಡೆ ಹೋದೆ. ಅದು ನನ್ನ ತಪ್ಪು. ಬೈರಿ, ಎರಡೇಟು ಹೊಡೀರಿ, ಹೊಡೆಸ್ಕೊತೀನಿ. ಆದ್ರೆ ಕಟ್ಟೆ ಮಾತು ಮಾತ್ರ ಎತ್ಬೇಡಿ."

"ಯಾಕೆ ಎತ್ಬಾರ್ದು?"

ಅವನು ಸಾಮಾನಿನ ಚೀಲದ ಒಳಜೇಬಿನಿಂದ ಒಂದು ಚೀಟಿ ತೆಗೆದು ಅವರ ಕೈಗೆ ತುರುಕಿದ. ಅವರದೇ ಅಂಗಡಿಯ ಬಿಲ್ಲಿನ ಹಾಳೆ, ಅವರದೇ ನೀಲಿ ಪೆನ್ಸಿಲಿನ ಅಕ್ಷರ: ಮೊಣಕಾಲಿನಿಂದ ಹಿಮ್ಮಡಿ, ೧೭. ಅಂಕಿಯ ತಲೆಯ ಮೇಲೆ ಓರೆಯಾಗಿ ಒಂದು ಸಣ್ಣ ಗೀಟು.

ಆ ಗೀಟಿನ ಅರ್ಥ ಪ್ರಪಂಚದಲ್ಲಿ ಅವರಿಗೊಬ್ಬರಿಗೇ ಗೊತ್ತು. ಹೊಲಿಗೆಗೆ ಬಿಡುವ ಬಟ್ಟೆಯನ್ನೂ ಸೇರಿಸಿಯಾಗಿದೆ, ಇನ್ನು ಕತ್ತರಿ ಹಾಕಬಹುದು ಎಂದು ಅದರ ಅರ್ಥ. ಆರೈಕೆ ಮನೆಯ ಮಂಚದ ಅಂಚಿನಲ್ಲಿ ಅಕ್ಕನನ್ನು ಕೂರಿಸಿ ಅಳೆದಾಗ ಟೇಪು ತೋರಿಸಿದ್ದು ಹದಿನೈದೂವರೆ. "ನಂಗೂ ಪ್ಯಾಂಟು ಹೊಲಿತೀಯೇನೆ ಈ ವಯಸ್ಸಲ್ಲಿ?" ಎಂದು ಅಕ್ಕ ನಕ್ಕಿದ್ದಳು. ಇವರೂ ನಗುತ್ತ ಬರೆದಿದ್ದರು. ಕಣ್ಣು ಹದಿನೈದೂವರೆ ನೋಡಿತು. ನಲವತ್ತು ವರ್ಷ ಪಳಗಿದ ಕೈ, ಯಾರನ್ನೂ ಕೇಳದೆ ಒಂದೂವರೆ ಇಂಚು ಕೂಡಿಸಿ ಹದಿನೇಳು ಬರೆಯಿತು. ಬಟ್ಟೆಯಾದರೆ ಹೆಚ್ಚಿದ್ದನ್ನು ಒಳಕ್ಕೆ ಮಡಚಿ ಹೊಲಿಯಬಹುದು. ಇಟ್ಟಿಗೆಯನ್ನು ಎಲ್ಲಿಗೆ ಮಡಚುವುದು?

"ಅವತ್ತೇ ತೋರಿಸೋಕೆ ಏನಾಗಿತ್ತು ನಿಂಗೆ?"

"ತೋರಿಸೋಕೇ ಬಂದೆ. ನೀವು ಫೋನಲ್ಲಿ ನಿಮ್ಮಕ್ಕನ ಹತ್ರ ನನ್ನ ಬೈತಾ ಇದ್ರಿ. ಕರಣೆ, ಟೇಪು ಅಂತ. ಅವ್ರು ಆ ಕಡೆಯಿಂದ ನಗ್ತಾ ಇದ್ದಿದ್ದು ನಂಗೂ ಕೇಳಿಸ್ತು. ಸೊಂಟ ಮುರ್ಕೊಂಡು ಮಲಗಿರೋರು ನಗ್ತಿದಾರೆ, ನಗ್ಲಿ ಬಿಡು ಅಂತ ಚೀಟಿ ಒಳಗಿಟ್ಕೊಂಡೆ."

ಟೈಲರಮ್ಮನ ಕೋಪ ಇಳಿಯಲಿಲ್ಲ. ಹೆಚ್ಚಾಯಿತು. ಬೈಯಲು ಇದ್ದ ಒಬ್ಬನೂ ಕೈತಪ್ಪಿ ಹೋದನಲ್ಲ.

"ನಿನ್ನ ದೊಡ್ಡಗುಣ ಯಾರಿಗೆ ಬೇಕಿತ್ತು?" ಎಂದು ಹೇಳಿ ಒಳಗೆ ಹೋದರು.

ದೇವರ ಮುಂದೆ ನಿಂತರು. ಜೀವಮಾನದಲ್ಲಿ ಮೈಗೆ ನೀರು ಬೀಳದೆ ಆ ಮೂಲೆಗೆ ಕಾಲಿಟ್ಟವರಲ್ಲ. ಮಾಸ್ತರರ ಪಟ್ಟಿಯ ಕಾಲದಲ್ಲೂ ಆರೂವರೆಗೆ ಇಳಿದು ಬಂದು ಒದ್ದೆ ಮೈಯಲ್ಲೇ ಕೈಮುಗಿದಿದ್ದರು. ಇಂದು ಆ ಬೆಳಗಿನ ಸರದಿ ತಪ್ಪಿಹೋಗಿತ್ತು, ಕೈಯೂ ಮೇಲೇಳಲಿಲ್ಲ. "ಇನ್ನೊಂದು ದಿನ ಕಾಯೋಕೆ ನಿನಗೂ ಆಗ್ಲಿಲ್ವಾ" ಎಂದು ಮನಸ್ಸಿನಲ್ಲೇ ಕೇಳಿ ಬೆನ್ನು ತಿರುಗಿಸಿದರು.

ಬಾಗಿಲಲ್ಲಿ ಮಾಸ್ತರರು ಅವರ ಬಕೆಟ್ಟು ಹಿಡಿದು ನಿಂತಿದ್ದರು. "ಮೇಸ್ತ್ರಿ ಹೇಳ್ದ ಅಮ್ಮ. ಬನ್ನಿ, ಬಿಸಿನೀರು ಕಾಯ್ಸಿದೀನಿ. ಇವತ್ತು ಟೈಮು ಗೀಮು ಏನಿಲ್ಲ."

"ನಿಮ್ಮ ಉಪಕಾರ ಸಾಕು ಮಾಸ್ಟ್ರೆ. ಹದಿನೈದು ನಿಮಿಷದ ಲೆಕ್ಕದಲ್ಲಿ ನಾನು ಸ್ನಾನ ಮಾಡಿ ಸಾಕಾಗಿದೆ."

ಮಾಸ್ತರರು ಅಲ್ಲೇ ನಿಂತಿದ್ದರು. "ಪಟ್ಟಿ ಕಿತ್ತಾಕಿದೀನಿ" ಎಂದರು ತಗ್ಗಿದ ದನಿಯಲ್ಲಿ. "ನೀವು ಹೋಗ್ಬೇಕಲ್ಲ ಅಮ್ಮ, ಅವರ ಹತ್ರ."

ಟೈಲರಮ್ಮ ಹೋದರು. ಆ ಬಚ್ಚಲಿನ ಚಿಲಕ ಹಾಕಿಕೊಂಡು ನೀರು ಹೊಯ್ದುಕೊಂಡರು. ಬಿಸಿನೀರು ಹಿತವಾಗಿತ್ತು, ಹಿತವಾಗಿದ್ದಕ್ಕೇ ಅವರಿಗೆ ಸಿಟ್ಟು ಬಂತು. ಚೊಂಬನ್ನು ಗೋಡೆಗೆ ಎಸೆದರು. ಅದು ಉರುಳಿ ಕಾಲ ಬಳಿಗೇ ಬಂದು ನಿಂತಿತು. ಎತ್ತಿಕೊಂಡು ಮತ್ತೆ ತುಂಬಿದರು.

ಹನ್ನೆರಡಕ್ಕೆ ತಮ್ಮ ಬಂದ. ಅಂಗಳದಲ್ಲಿ ಕೈ ತೊಳೆಯುತ್ತಿದ್ದ ಮೇಸ್ತ್ರಿಯನ್ನು ಕಂಡವನೇ ಅವನ ಅಂಗಿಯ ಎದೆಯನ್ನು ಮುಷ್ಟಿಯಲ್ಲಿ ಹಿಡಿದ. "ಇವನೇನಾ ಅವನು? ಅಳತೆ ಬರದ ಮಹಾನುಭಾವ ಇವನೇನಾ?"

ಮೇಸ್ತ್ರಿ ತಿರುಗಿ ಹೊಡೆಯಲಿಲ್ಲ. ಚೀಟಿಯ ಮಾತೂ ಆಡಲಿಲ್ಲ. ಬಾಗಿಲಲ್ಲಿ ನಿಂತ ಟೈಲರಮ್ಮನನ್ನು ಒಮ್ಮೆ ನೋಡಿ ಕಣ್ಣು ತಗ್ಗಿಸಿದ. ಅವರೂ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಚೀಟಿ ಅವರ ಸೊಂಟದ ಸೆರಗಿನ ಮಡಿಕೆಯಲ್ಲಿತ್ತು, ಬೇರೆ ಸಾಕ್ಷಿಯಿರಲಿಲ್ಲ.

"ಬಿಡೋ ಅವನ್ನ. ಅಳತೆ ತಪ್ಪು ಬರೆದಿದ್ದು ನಾನು."

"ಏನಂದೆ?"

"ಹೊಲಿಗೆಗೆ ಬಿಡೋದನ್ನೂ ಸೇರಿಸಿ ಬರೆದ್ಬಿಟ್ಟಿದ್ದೆ. ಅವನು ನಾನು ಕೊಟ್ಟಿದ್ದನ್ನೇ ಕಟ್ಟಿದ."

ತಮ್ಮನ ಮುಷ್ಟಿ ಸಡಿಲವಾಯಿತು. "ಒಂದು ತಿಂಗಳಿಂದ ಇವನು, ಇವನು ಅಂತ ಕುಣೀತಿದ್ದೆಯಲ್ಲ."

"ಕುಣೀತಿದ್ದೆ."

"ದೊಡ್ಡಕ್ಕನಿಗೂ ಹಾಗೇ ಹೇಳಿದ್ದೆ."

"ಹೇಳಿದ್ದೆ."

"ಗಾಡಿ ಹತ್ತು" ಎಂದ ತಮ್ಮ, ಅವರ ಮುಖ ನೋಡದೆ.

ಆರೈಕೆ ಮನೆ ಬಂದಾಗ ತಮ್ಮ ಗಾಡಿ ನಿಲ್ಲಿಸಿ ಹೇಳಿದ: "ನಿನ್ನೆ ಕೂಡ ಕೇಳಿದ್ಲು. ಮೇಸ್ತ್ರಿ ಟೇಪು ನೋಡೋದು ಕಲಿತ್ನೇನೋ ಅಂತ. ನಾವಿಬ್ರೂ ನಕ್ಕಿದ್ವಿ." ಅದಕ್ಕಿಂತ ಒಂದು ಹೊಡೆತ ಕೊಟ್ಟಿದ್ದರೆ ಟೈಲರಮ್ಮನಿಗೆ ಹಗುರವಾಗುತ್ತಿತ್ತು.

ಅಕ್ಕನ ಕೋಣೆಯಲ್ಲಿ ಇಬ್ಬರು ಆಯಾಗಳು ಬೇಸಿನ್ನು, ಸ್ಪಂಜು ತಂದಿಟ್ಟು ಕಾಯುತ್ತಿದ್ದರು. ಬಾಗಿಲು ಪೂರಾ ತೆರೆದಿತ್ತು. ಆಚೆ ಯಾರೋ ಊಟದ ತಟ್ಟೆಗಳ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು.

"ಐದು ನಿಮಿಷದಲ್ಲಿ ಮುಗಿಸ್ತೀವಿ, ನೀವು ಹೊರಗಿರಿ" ಎಂದಳು ಒಬ್ಬಳು.

"ನೀವು ಹೊರಗಿರಿ" ಎಂದರು ಟೈಲರಮ್ಮ.

"ಹಾಗೆ ನಿಯಮ ಇಲ್ಲಮ್ಮ."

"ನಿಯಮ ನಿಮ್ಮ ಹತ್ರಾನೇ ಇರ್ಲಿ. ಬದುಕಿದ್ದಾಗ ಹಾಕದ ಬಾಗಿಲು ಈಗ್ಲಾದ್ರೂ ಹಾಕ್ತೀನಿ. ನಡೀರಿ." ದನಿ ಏರಿರಲಿಲ್ಲ, ಆದರೂ ಆ ಇಬ್ಬರೂ ಹೊರಗೆ ಹೋದರು. ತಮ್ಮ ಹೊರಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಟೈಲರಮ್ಮ ಅವಸರ ಮಾಡಲಿಲ್ಲ. ಮುಖ, ಕತ್ತು, ಕೈಗಳು. ಬೆರಳ ಸಂದಿಗಳು. ಮುರಿದ ಸೊಂಟದ ಕಡೆ ನೋವಾದೀತೆಂಬಂತೆ ಸ್ಪಂಜನ್ನು ಹಗುರಾಗಿ ಹಿಡಿದರು. ಮೊಣಕಾಲಿನಿಂದ ಕೆಳಕ್ಕೆ ಬಂದಾಗ ಕೈ ನಿಂತಿತು. "ನಾನೇ ತಪ್ಪು ಬರೆದಿದ್ದು ಕಣೆ ಅಕ್ಕ. ನಿನ್ನ ಮುಂದೆ ಅವನನ್ನ ಬೈದು ಬೈದು ನಿನ್ನ ನಗ್ಸಿದೆ" ಎಂದರು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಗ ಅಳು ಬಂತು. ಅಳುವಿನ ಒಳಗೂ ಕೋಪ ಕೆಂಡದಂತೆ ಹಾಗೇ ಇತ್ತು.

ಒರೆಸಿ, ಒಳ್ಳೆಯ ಬಟ್ಟೆ ಹಾಕಿ, ಗುಂಡಿಗಳನ್ನು ಒಂದೊಂದಾಗಿ ಕುತ್ತಿಗೆಯವರೆಗೆ ಹಾಕಿದರು. ಮಂಚದ ಪಕ್ಕ ನೆಲದ ಮೇಲೆ ಕೂತರು. ಬೆಳಿಗ್ಗೆ ಏಳದ ಕೈಗಳು ಈಗ ತಾವಾಗಿ ಕೂಡಿದವು.

ದೇವರೇ, ನಿನ್ನ ಮೇಲಿನ ನನ್ನ ಕೋಪ ಇನ್ನೂ ಆರಿಲ್ಲ. ಅದನ್ನು ನೀನು ಇವಳ ಲೆಕ್ಕಕ್ಕೆ ಹಿಡಿಯಬೇಡ. ಇವಳು ಯಾರಿಗೂ ಕೇಡು ಬಗೆದವಳಲ್ಲ, ಯಾರ ಮುಂದೆಯೂ ಕೈಚಾಚಿದವಳಲ್ಲ. ಕಡೆಗಾಲದಲ್ಲಿ ಮಾತ್ರ ತುಂಬ ನಾಚಿಕೊಂಡಳು, ತುಂಬ ನೊಂದಳು. ಇನ್ನು ಇವಳನ್ನು ಯಾರೂ ಎತ್ತಿ ಇಳಿಸದಿರಲಿ, ಯಾರೂ ಅವಸರ ಪಡಿಸದಿರಲಿ. ನನ್ನ ತಪ್ಪನ್ನು ನನಗೇ ಉಳಿಸು, ಇವಳ ದಣಿವನ್ನು ನೀನು ತೆಗೆದುಕೋ. ನನ್ನ ಅಕ್ಕನ ಆತ್ಮಕ್ಕೆ ಶಾಂತಿ ಕೊಡು, ತಂದೆ.