ಎವ್ಲಿನ್ ಮುಟ್ಟಿದ ಗೇರ್ ಬಾಕ್ಸು ಸೋರುವುದಿಲ್ಲ

ಟಪ್, ಎಲ್ಲೋ ಏನೋ ತೊಟ್ಟಿಕ್ಕಿತು, ತೀರ್ಥದ ಬಟ್ಟಲೋ ಫ್ಯಾನೋ, ಫ್ಯಾನು ತೊಟ್ಟಿಕ್ಕುವುದುಂಟೇ, ಎವ್ಲಿನಳ ಕಿವಿ ನೆಟ್ಟಗಾಯಿತು — ಪಾದ್ರಿಗಳ ಪ್ರಸಂಗ ಇನ್ನೂ ನಡೆದಿದೆ, ಪೂಜೆ ಮುಗಿಯಲು ಅರ್ಧ ಗಂಟೆ, ಹೊರಗೆ ಇಗರ್ಜಿಯ ಅಂಗಳದಲ್ಲಿ ಅವಳ ಮುನ್ನೂರು ಸಿಸಿಯ ಸ್ಕೂಟರು, ಹಿಂದಿನ ಚಕ್ರದ ಗೇರ್ ಬಾಕ್ಸಿನ ಕೆಳಗೆ ಹಾಸಿದ ಬಿಳಿ ಬ್ಯಾಂಡೇಜ್ ಬಟ್ಟೆ, ಅದರ ಮೇಲೆ ಒಂದೇ ಒಂದು ತೊಟ್ಟು ಆಯಿಲ್ ಬಿದ್ದರೆ ಮುಗಿಯಿತು, ಸ್ಕೂಟರು ಮಾರಬೇಕು. ನಿನ್ನೆ ಗಂಡ ಮೊರಿಸ್ ಗಂಜಿ ಉಣ್ಣುತ್ತಾ ಹೇಳಿದ್ದು, ಅದು ಪೇಷಂಟಿನ ಹೊಟ್ಟೆ ಅಲ್ಲ ಮಾರಾಯ್ತಿ, ಗೇರ್ ಬಾಕ್ಸು, ನೀನು ಬಿಚ್ಚಿ ಮುಚ್ಚಿದ್ದು ಸೋರದಿದ್ದರೆ ನಾಳೆ ಪೂಜೆ ಬಿಟ್ಟ ಮೇಲೆ ಇಡೀ ದೇರೆಬೈಲ್ ನೋಡ್ತಿರುವಾಗ ನಿನ್ನ ಹಿಂದೆ ಕೂತು ಬಂದರಿಗೆ ಮೀನಿಗೆ ಬರ್ತೇನೆ, ಸೋರಿದರೆ ಮಾರುವುದು. ಮೂರು ವರ್ಷದಲ್ಲಿ ಒಮ್ಮೆಯೂ ಹಿಂದೆ ಕೂತವನಲ್ಲ, ಇವತ್ತೂ ರಿಕ್ಷಾದಲ್ಲೇ ಬಂದ, ಅವಳ ಸ್ಕೂಟರು ಇಲ್ಲಿ ಗುಡುಗಿದರೆ ವಾಮಂಜೂರಿನ ಗದ್ದೆಯ ಕೊಕ್ಕರೆಗಳು ಅಲ್ಲಿ ಹಾರುತ್ತವೆ, ಅಂಥದ್ದನ್ನು ಬಿಟ್ಟು ರಿಕ್ಷಾ!

ಸೋರುವುದಂತೆ — ಮಸ್ಕತ್ತಿನ ಆಪರೇಶನ್ ಥಿಯೇಟರಿನಲ್ಲಿ ಇಪ್ಪತ್ತಾರು ವರ್ಷ ನರ್ಸು, ಒಂದು ಲಕ್ಷ ಹೊಟ್ಟೆ, ಹೋಗಲಿ ಎರಡು ಲಕ್ಷ, ಒಳಗೆ ಹೋದ ಬಟ್ಟೆಯನ್ನೆಲ್ಲ ಎಣಿಸದೆ ಯಾವ ಸರ್ಜನನಿಗೂ ಹೊಲಿಗೆ ಹಾಕಲು ಬಿಟ್ಟವಳಲ್ಲ, ಅವರೆಲ್ಲ ಗಡಗಡ ನಡುಗುತ್ತಿದ್ದರು. ಅದೇ ಕೈ ಈಗ ಟಯರಿನ ಸೀಳುಗಳಿಂದ ಹರಳು ಕೀಳುವುದು, ಟಯರು ತಣ್ಣಗಿರುವಾಗಲೇ ಗಾಳಿ ನೋಡುವುದು, ಓಡಿ ಬಿಸಿಯಾದದ್ದು ಹೆಚ್ಚು ತೋರಿಸಿ ಮೋಸ ಮಾಡುತ್ತದೆ. ಗೇರಿನ ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದ್ದೂ ಅವಳೇ, ಯಾವ ಮೆಕ್ಯಾನಿಕ್ಕಿಗೂ ಕೇಳಿಸದ ಒಂದು ಸಣ್ಣ ಕೆಮ್ಮು, ಹಳೆಯ ಆಯಿಲ್ ಕಷಾಯದ ಹಾಗೆ ಇಳಿಯಿತು, ಹೊಸತು ಸಿರಿಂಜಿನಲ್ಲಿ ಅಳೆದು ಅಳೆದು, ಬೋಲ್ಟಿಗೆ ಹೊಸ ತಾಮ್ರದ ವಾಷರ್ — ಹಾಕಿದಳಲ್ಲ? ಹಳೆಯದು ಟ್ರೇಗೆ ಬಿತ್ತು, ಟಿಣ್, ಹೊಸದು — ಆಗಲೇ ಪಕ್ಕದ ಮನೆಯ ನೆಲ್ಲಿ ಗೇಟಿನಿಂದ ಕೂಗಿದ್ದು, ಎವ್ಲಿನ್ ಬಾಯಿ, ಎಂತ ಡೆಲಿವರಿಯಾ, ಗಂಡೋ ಹೆಣ್ಣೋ, ಇವಳು ನಕ್ಕಳು, ನಗುವಿನಲ್ಲಿ ಎಣಿಕೆ ಎಲ್ಲಿ ನಿಂತಿತು, ಒಂದು ಹೊರಗೆ, ಒಂದು ಒಳಗೆ, ಒಳಗೆ ಹೋಯಿತೇ, ಹೋಗದಿದ್ದರೆ ಆಯಿಲ್ ಬಟ್ಟೆಗಷ್ಟೇ ಅಲ್ಲ, ಟಯರಿಗೂ ಹರಿಯುತ್ತದೆ, ತಿರುವಿನಲ್ಲಿ ಜಾರಿದರೆ ಹಿಂದೆ ಮೊರಿಸ್ — ಏಳಿ ಬಾಯಿ, ಎಲ್ಲರೂ ನಿಂತಾಯಿತು, ಇಗರ್ಜಿಯಲ್ಲೂ ಪಕ್ಕದಲ್ಲೇ ಇದ್ದ ನೆಲ್ಲಿ ಮೊಣಕೈಯಿಂದ ತಿವಿದಳು, ಹೌದಲ್ಲ, ಇಡೀ ಇಗರ್ಜಿ ನಿಂತಿದೆ, ಇವಳೊಬ್ಬಳೇ ಕೂತಿದ್ದಾಳೆ, ಮಹಾರಾಣಿಯ ಹಾಗೆ.

ಅಂಗಳದಲ್ಲಿ ಬಿಸಿಲು, ಮೊರಿಸ್ ಅವಳಿಗಿಂತ ಮೊದಲೇ ತಲುಪಿ ಭಾನುವಾರದ ಪ್ಯಾಂಟಿನ ಮಂಡಿಯನ್ನು ಮಣ್ಣಿಗೂರಿದ್ದಾನೆ, ಸುತ್ತ ಮೂರು ಸಾವಿರ ಜನ, ಇರಲಿ, ಮೂವತ್ತು, ಬಟ್ಟೆ ಎಳೆದ, ಬೆಳಕಿಗೆ ಹಿಡಿದ, ಮೂಸಿದ, ಮಗುಚಿ ಮತ್ತೆ ಮೂಸಿದ. ಬಿಳಿ. ಚುಕ್ಕಿಯೂ ಇಲ್ಲ. ಹೋಗಿದೆ ವಾಷರ್, ಹೋಗದೆ ಎಲ್ಲಿಗೆ ಹೋಗುತ್ತದೆ, ಈ ಕೈ ಎಣಿಕೆ ತಪ್ಪುವ ಕೈಯೇ! ಸೋಲೊಪ್ಪಲು ಮನಸ್ಸಿಲ್ಲದ ಮೊರಿಸ್ ಹಿಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿದ, ಇದೆಂತ, ಗಾಳಿ ಕಲ್ಲಿನ ಹಾಗೆ ಉಂಟು, ಒಬ್ಬಳಿಗೆ ಇಷ್ಟು ಯಾಕೆ? ಇಬ್ಬರಿಗೆ ತುಂಬಿಸಿದ್ದು. ಯಾವಾಗ? ಬೆಳಿಗ್ಗೆಯೇ, ಇಲ್ಲಿಗೆ ಹೊರಡುವ ಮೊದಲು.

ಅವನು ಮಂಡಿಯ ಮಣ್ಣೂ ಕೊಡವಲಿಲ್ಲ, ಮೂರು ವರ್ಷದಿಂದ ಸೀಟಿನಡಿ ಪ್ಲಾಸ್ಟಿಕ್ ಕವರಿನಲ್ಲೇ ಇದ್ದ ಎರಡನೇ ಹೆಲ್ಮೆಟನ್ನು ತೆಗೆದು ಹಾಕಿದ, ಅವಳ ಹಿಂದೆ ಹತ್ತಿದ, ಸ್ಕೂಟರು ತಗ್ಗಿತು, ಟಯರು ತಗ್ಗಲಿಲ್ಲ, ನೋಡು ನೆಲ್ಲಿ ಎನ್ನಬೇಕು, ಒಂದು ಲಕ್ಷ ಹೊಟ್ಟೆಯ ಕಥೆ ಇನ್ನೊಮ್ಮೆ ಹೇಳಬೇಕು, ಆದರೆ — ಹೆಗಲ ಮೇಲೆ ಎರಡು ಕೈ, ಬಂದರಿನಲ್ಲಿ ಇಷ್ಟು ಹೊತ್ತಿಗೆ ಬಂಗುಡೆ — ಎರಡು ಕೈ, ಬಿಗಿಯಾಗಿ, ಇಡೀ ದೇರೆಬೈಲಿನ ಎದುರು — ಎರಡು ಕೈ.